ಮೂರು ರಾಜ್ಯದ ಮದುವೆ, ಕೋಲಾರದಲ್ಲಿ ಡಿವೋರ್ಸ್

ನಮ್ಮ ಮದುವೆ ಆಗಿದ್ದು ತಿರುಪತಿಯಲ್ಲಿ. ಸಂಸಾರ ಮಾಡಿದ್ದು ಪುಣೆಯಲ್ಲಿ. ಇನ್ನು ಆಗಲ್ಲ ಅಂತ ನಾನು ಬಂದು ಸೇರಿದ್ದು ಕೋಲಾರ ಜಿಲ್ಲೆ ಮುಳಬಾಗಿಲಿನ ತವರುಮನೆ. ಕೇಸ್ ಎಲ್ಲಿ ಹಾಕಬೇಕು ಅಂದರೆ ಒಬ್ಬೊಬ್ಬರದು ಒಂದೊಂದು ಮಾತು. "ಗಂಡ ಇರೋ ಊರಲ್ಲೇ ಹಾಕ್ಬೇಕಮ್ಮ" ಅಂದರು ಚಿಕ್ಕಪ್ಪ. ಪ್ರತಿ ವಾಯಿದೆಗೂ ಪುಣೆಗೆ ಹೋಗೋದು ನನ್ನ ಟೀಚರ್ ಸಂಬಳದಲ್ಲಿ ಆಗೋ ಮಾತಾ?

ಕೋಲಾರದ ಲಾಯರ್ ಮೇಡಂ ಹಿಂದೂ ವಿವಾಹ ಕಾಯ್ದೆಯ 19ನೇ ಸೆಕ್ಷನ್ ತೆಗೆದು ತೋರಿಸಿದರು. ಮದುವೆ ನಡೆದ ಊರು, ಎದುರು ಪಾರ್ಟಿ ಇರೋ ಊರು, ಇಬ್ಬರೂ ಕೊನೆಯಲ್ಲಿ ಒಟ್ಟಿಗಿದ್ದ ಊರು, ಈ ಮೂರರಲ್ಲಿ ಎಲ್ಲಾದರೂ ಹಾಕಬಹುದು. 2003ರಲ್ಲಿ ಇನ್ನೊಂದು ಸೇರಿತು. ಅರ್ಜಿ ಹೆಂಡತಿಯದಾದರೆ, ಅವಳು ಈಗ ವಾಸ ಇರೋ ಕಡೆಯ ಕೋರ್ಟೇ ಸಾಕು. ಹೆಂಡತಿ ಭಾರತದಲ್ಲೇ ಇದ್ದರೆ ಗಂಡನಿಗೆ ಈ ಅನುಕೂಲ ಇಲ್ಲ.

ಆದರೆ 'ವಾಸ' ಅನ್ನೋದಕ್ಕೆ ದಾಖಲೆ ಬೇಕು. ಹಬ್ಬಕ್ಕೆ ಬಂದು ನಾಲ್ಕು ದಿನ ಇದ್ದರೆ ಅದು ವಾಸ ಅಲ್ಲ. ನನ್ನ ಆಧಾರ್ ಇನ್ನೂ ಪುಣೆ ವಿಳಾಸದಲ್ಲೇ ಇತ್ತು. ಅದನ್ನು ಮೊದಲು ಬದಲಾಯಿಸಿದೆ. ಸ್ಕೂಲಿನಿಂದ ಒಂದು ಪತ್ರ, ಬ್ಯಾಂಕ್ ಪಾಸ್‌ಬುಕ್ ಜೊತೆಗಿಟ್ಟೆ. ಫೀಸಿಗೆ ದುಡ್ಡಿಲ್ಲ ಅನ್ನೋರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಕೇಸ್ ಕೋಲಾರದಲ್ಲೇ ಹಾಕಿದೆವು. ಪುಣೆಗೆ ಗಂಡನಿಗೆ ಹೋದ ಕೋರ್ಟ್ ನೋಟಿಸ್ 'ಬಾಗಿಲು ಬೀಗ' ಅಂತ ವಾಪಸ್ ಬಂತು. ಮತ್ತೆ ಕಳಿಸುವಾಗ ಅವರ ಅಪ್ಪನ ಮನೆ ವಿಳಾಸವನ್ನೂ ಸೇರಿಸಿದೆವು. ಆಗ ಗಂಡನ ಫೋನ್ ಬಂತು. "ನಾನೂ ಇಲ್ಲಿ ಒಂದು ಡಿವೋರ್ಸ್ ಕೇಸ್ ಹಾಕ್ತೀನಿ, ನೀನೇ ಅಲೆದಾಡು" ಅಂದರು. ಮೇಡಂ ನಕ್ಕುಬಿಟ್ಟರು. 21ಎ ಸೆಕ್ಷನ್ ಪ್ರಕಾರ ಆಮೇಲೆ ಹಾಕಿದ ಅರ್ಜಿಯೇ ಮೊದಲು ಹಾಕಿದ ಕೋರ್ಟಿಗೆ ಬರಬೇಕಂತೆ. ನನ್ನ ಕೇಸನ್ನೇ ಬೇರೆ ರಾಜ್ಯಕ್ಕೆ ಎಳೆಯಬೇಕಾದರೆ ಅವರು ಸುಪ್ರೀಂ ಕೋರ್ಟಿಗೆ ಹೋಗಬೇಕು. ಹೋಗಲಿಲ್ಲ.

ಜಾಸ್ತಿ ಹೊತ್ತು ಹಿಡಿದಿದ್ದು ಮೀಡಿಯೇಷನ್‌ನಲ್ಲಿ, ಅಂದರೆ ಮಧ್ಯಸ್ಥರ ಎದುರಿನ ರಾಜಿ ಮಾತುಕತೆಯಲ್ಲಿ, ಅದೂ ಒಡವೆ ವಿಷಯಕ್ಕೆ. ಅರ್ಧದಷ್ಟು ಒಡವೆಗೆ ಬಿಲ್ಲೇ ಇರಲಿಲ್ಲ. ಮದುವೆ ಆಲ್ಬಂ ತೆಗೆದುಕೊಂಡು ಹೋಗಿ, ಒಂದೊಂದು ಫೋಟೋ ತೋರಿಸಿ, ಯಾವ ಸರ ನಮ್ಮ ಮನೆಯದು, ಯಾವುದು ಅವರದು ಅಂತ ಬರೆಸಿದೆವು. ಅವರ ಅಮ್ಮನೇ "ಆ ಕಾಸಿನ ಸರ ಅವಳದ್ದೇ" ಅಂದಾಗ ವಾದ ತಣ್ಣಗಾಯಿತು. ಮಗು ಇರಲಿಲ್ಲವಾದ್ದರಿಂದ ಉಳಿದದ್ದು ಸುಲಭ. ಒಪ್ಪಂದದಲ್ಲಿ ಒಡವೆಯ ಗ್ರಾಂ ಸಮೇತ ಬರೆಸಿ. 'ಎಲ್ಲಾ ಒಡವೆ ವಾಪಸ್' ಅಂತ ಸುಮ್ನೆ ಬರೆದರೆ ಪ್ರಯೋಜನ ಇಲ್ಲ. ದುಡ್ಡಿನ ಡಿಡಿ ಜಡ್ಜ್ ಎದುರಿಗೇ ಕೈಗೆ ಬರಲಿ.

ಆಮೇಲೆ ಕೇಸನ್ನು 13ಬಿ ಅಡಿ ಪರಸ್ಪರ ಒಪ್ಪಿಗೆಗೆ ಬದಲಾಯಿಸಿದೆವು. ಇದಕ್ಕೆ ಒಂದು ವರ್ಷವಾದರೂ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯುವ ನಿಯಮವೂ ಇದೆ. ಆದರೆ 2017ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಬೇರೆಯಾಗಿ ಒಂದೂವರೆ ವರ್ಷ ದಾಟಿ, ಎಲ್ಲಾ ತೀರ್ಮಾನ ಆಗಿದ್ದರೆ, ಜಡ್ಜ್ ಆ ಆರು ತಿಂಗಳನ್ನು ಮನ್ನಾ ಮಾಡಬಹುದು. ನಮಗೆ ಮನ್ನಾ ಮಾಡಿದರು. ಕೊನೆಯ ಹೇಳಿಕೆಯನ್ನು ಅವರು ಪುಣೆಯಿಂದಲೇ ವಿಡಿಯೋದಲ್ಲಿ ಕೊಟ್ಟರು. ಅದಕ್ಕೆ ಇಬ್ಬರೂ ಸೇರಿ ಅರ್ಜಿ ಹಾಕಿದ್ದೆವು.

ಡಿಕ್ರಿ, ಅಂದರೆ ಕೋರ್ಟಿನ ಡಿವೋರ್ಸ್ ಆದೇಶ, ಬಂದ ತಕ್ಷಣ ಸರ್ಟಿಫೈಡ್ ಕಾಪಿ ನಾಲ್ಕೈದು ತೆಗೆದಿಟ್ಟುಕೊಳ್ಳಿ. ಬ್ಯಾಂಕು, ಪಾಸ್‌ಪೋರ್ಟು, ಇನ್ಶೂರೆನ್ಸ್ ನಾಮಿನಿ, ಎಲ್ಲಾ ಕಡೆ ಕೇಳುತ್ತಾರೆ.