ಹಳೇ ಕಾರಿನ ಗೇರ್‌ಬಾಕ್ಸ್ ಆಯಿಲ್: ಬದಲಿಸಲೋ, ಬಿಡಲೋ?

ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ತಗೊಂಡಾಗ ಮೀಟರಿನಲ್ಲಿ 1,32,000 ಕಿಲೋಮೀಟರ್ ಆಗಿತ್ತು. ಸರ್ವಿಸ್ ಪುಸ್ತಕ ತಿರುವಿ ನೋಡಿದೆ. ಇಂಜಿನ್ ಆಯಿಲ್ ತಪ್ಪದೆ ಬದಲಾಗಿದೆ, ಗೇರ್‌ಬಾಕ್ಸ್ ಆಯಿಲ್ ಬಗ್ಗೆ ಒಂದು ಸಾಲೂ ಇಲ್ಲ.

ನಮ್ಮ ಮೆಕ್ಯಾನಿಕ್ ಅಣ್ಣನನ್ನು ಕೇಳಿದೆ. "ಚೆನ್ನಾಗಿ ಓಡ್ತಾ ಇದೆ ಅಲ್ವಾ ಸಾರ್? ಸುಮ್ನೆ ಬಿಟ್ಬಿಡಿ. ಹೊಸ ಆಯಿಲ್ ಹಾಕಿ ಗೇರ್‌ಬಾಕ್ಸೇ ಕೂತುಹೋದ ಗಾಡಿ ನೋಡಿದೀನಿ" ಎಂದರು. ಅವರು ಕಂಡಿದ್ದು ನಿಜವೇ. ಆದರೆ ಜನ ಸಾಮಾನ್ಯವಾಗಿ ಗೇರ್ ಹಿಡಿತ ತಪ್ಪಿ ಸ್ಲಿಪ್ ಆಗೋಕೆ ಶುರುವಾದ ಮೇಲೇ ಆಯಿಲ್ ನೆನಪು ಮಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ಒಳಗಿನ ಕ್ಲಚ್ ಪ್ಲೇಟ್ ಸವೆದಿರುತ್ತದೆ. ಹೊಸ ಆಯಿಲ್ ಅದನ್ನು ಮತ್ತೆ ದಪ್ಪ ಮಾಡುವುದಿಲ್ಲ. ಗಾಡಿ ನಿಂತಾಗ ದೂರು ಮಾತ್ರ ಹೊಸ ಆಯಿಲ್ ಮೇಲೆ ಬರುತ್ತದೆ.

ಹಾಗಾಗಿ ಮೊದಲು ನನ್ನ ಗೇರ್‌ಬಾಕ್ಸ್ ಸ್ಥಿತಿ ತಿಳಿಯಬೇಕಿತ್ತು. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಬ್ರೇಕ್ ಒತ್ತಿ ಡಿಗೆ (ಮುಂದೆ ಓಡುವ ಗೇರ್) ಹಾಕಿದೆ, ಆಮೇಲೆ ಆರ್‌ಗೆ (ರಿವರ್ಸ್). ತಡವಿಲ್ಲದೆ ಹಿಡಿಯಿತು. ಚಾಮುಂಡಿ ಬೆಟ್ಟ ಹತ್ತಿಸಿದೆ. ಇಂಜಿನ್ ಸುಮ್ಮನೆ ಅರಚಿಕೊಂಡು ಗಾಡಿ ಹಿಂದೆ ಉಳಿಯುವುದು ಎಲ್ಲೂ ಕಾಣಲಿಲ್ಲ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ಒಂದು ಹನಿ ಬಿಳಿ ಟಿಶ್ಯೂ ಮೇಲೆ ಬಿಟ್ಟೆ. ಹೊಸದಿದ್ದಾಗ ಕೆಂಪಗಿರುವ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೂಸಿದೆ. ಸುಟ್ಟ ವಾಸನೆ ಇಲ್ಲ. ಅಲ್ಲೇ ನಿರ್ಧಾರ ಮಾಡಿದೆ: ಬದಲಿಸುವುದೇ ಸರಿ.

ಮಷೀನ್ ಹಾಕಿ ಹಳೇ ಆಯಿಲನ್ನೆಲ್ಲ ಒಟ್ಟಿಗೆ ಹೊರತಳ್ಳುವ ಪೂರ್ತಿ ಫ್ಲಶ್ ಮಾಡಿಸಲಿಲ್ಲ. ಇಷ್ಟು ವರ್ಷ ತಳದಲ್ಲಿ ಕೂತ ಕೊಳೆಯನ್ನು ಒಮ್ಮೆಲೇ ಕದಡಿ ಗೇರ್ ಬದಲಿಸಲು ಆಯಿಲ್ ಹರಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ತಳ್ಳುವುದು ನನಗೆ ಬೇಕಿರಲಿಲ್ಲ. ಡ್ರೈನ್ ಬೋಲ್ಟ್ ಬಿಚ್ಚಿದರೆ ಎಲ್ಲ ಆಯಿಲ್ ಇಳಿಯುವುದೂ ಇಲ್ಲ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಟಾರ್ಕ್ ಕನ್ವರ್ಟರ್‌ನಲ್ಲಿ, ಕೂಲರ್ ಪೈಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿಯೇ ಉಳಿಯುತ್ತದೆ. ನನ್ನ ಗಾಡಿಗೆ ಒಟ್ಟು ಸುಮಾರು ಏಳೂವರೆ ಲೀಟರ್, ಒಂದು ಸಲಕ್ಕೆ ಇಳಿದಿದ್ದು ಮೂರು. ಅಂದರೆ ಮೊದಲ ಸಲ ನೂರಕ್ಕೆ 40 ಭಾಗ ಹೊಸದು, ಎರಡನೇ ಸಲಕ್ಕೆ 64, ಮೂರನೇ ಸಲಕ್ಕೆ 78. ಸಾವಿರ ಸಾವಿರ ಕಿಲೋಮೀಟರ್ ಬಿಟ್ಟು ಮೂರು ಸಲ ಮಾಡಿದೆ.

ಪರಿಚಯದ ಗ್ಯಾರೇಜಿನ ಪಿಟ್ ಮೇಲೆ ಗಾಡಿ ನಿಲ್ಲಿಸಿ ನಾನೇ ಕೆಲಸಕ್ಕಿಳಿದೆ. ಮೊದಲ ಸಲ ಚೇಂಬರನ್ನೂ (ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ) ಇಳಿಸಿ ಫಿಲ್ಟರ್, ಗ್ಯಾಸ್ಕೆಟ್ ಬದಲಿಸಿದೆ. ಚೇಂಬರ್ ತಳದಲ್ಲಿ ಪುಟ್ಟ ಮ್ಯಾಗ್ನೆಟ್‌ಗಳಿದ್ದವು, ಮೇಲೆಲ್ಲ ಬೂದು ಬಣ್ಣದ ಕೆಸರು. ಎರಡು ಬೆರಳ ನಡುವೆ ಉಜ್ಜಿ ನೋಡಿದೆ. ವಿಭೂತಿಯಷ್ಟು ನುಣುಪು, ಒಂದು ಚೂರೂ ಚುಚ್ಚಲಿಲ್ಲ. ಎಷ್ಟು ಸಮಾಧಾನವಾಯಿತು ಅಂದರೆ! ಆ ನುಣ್ಣನೆ ಪುಡಿ ಇಷ್ಟು ಓಡಿದ ಗಾಡಿಗೆ ಸಹಜ. ಬೆರಳಿಗೆ ಲೋಹದ ಚೂರು ಸಿಕ್ಕಿದ್ದರೆ ಒಳಗೇನೋ ಮುರಿಯುತ್ತಿದೆ ಎಂದರ್ಥ.

ಇಳಿದ ಆಯಿಲನ್ನು ಅಳೆದು, ಅಷ್ಟೇ ಹೊಸದು ಹಾಕಿದೆ. ಮ್ಯಾನುಯಲ್‌ನಲ್ಲಿ ಬರೆದ ಗ್ರೇಡನ್ನೇ ತಂದಿದ್ದೆ. ಇದರಲ್ಲಿ ಮಾತ್ರ ಅಂಗಡಿಯವರು "ಎಲ್ಲಕ್ಕೂ ಆಗತ್ತೆ" ಎಂದರೆ ದಯವಿಟ್ಟು ಒಪ್ಪಬೇಡಿ. ಸಿವಿಟಿ (ಗೇರುಗಳ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್) ಗಾಡಿಗೆ ಬೇರೆಯೇ ಆಯಿಲ್ ಬೇಕು. ಇಂಜಿನ್ ಶುರುಮಾಡಿ, ಬ್ರೇಕ್ ಒತ್ತಿಕೊಂಡೇ ಎಲ್ಲ ಗೇರಿಗೂ ನಿಧಾನ ಹಾಕಿ ತೆಗೆದು, ಬಿಸಿಯಾದ ಮೇಲೆ ಡಿಪ್‌ಸ್ಟಿಕ್‌ನ ಹಾಟ್ ಗೆರೆಗೆ ಸರಿಹೊಂದಿಸಿದೆ. ಹಳೇ ಆಯಿಲ್ ಗ್ಯಾರೇಜಿನ ವೇಸ್ಟ್ ಡ್ರಮ್ಮಿಗೆ ಹೋಯಿತು.

ಎರಡನೇ ಸಲದ ನಂತರವೇ ಎರಡರಿಂದ ಮೂರಕ್ಕೆ ಗೇರ್ ಬೀಳುವಾಗ ಬರುತ್ತಿದ್ದ ಸಣ್ಣ ಎಳೆತ ಹೋಯಿತು. ಈಗ 1,58,000 ಆಗಿದೆ.

ಇದನ್ನು ನೋಡಿ ನಮ್ಮ ಭಾವ ತಮ್ಮ ಕಾರನ್ನೂ ತಂದರು. ಡಿಗೆ ಹಾಕಿದರೆ ಮೂರು ಸೆಕೆಂಡ್ ಕಾಯಬೇಕು. ಡಿಪ್‌ಸ್ಟಿಕ್ ಎಳೆದ ಕೂಡಲೇ ಸೀದ ವಾಸನೆ ಮೂಗಿಗೆ ಬಡಿಯಿತು. "ಭಾವ, ಇದಕ್ಕೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ಮೊದಲು ಗೇರ್‌ಬಾಕ್ಸ್ ಬಿಚ್ಚಿಸಿ ತೋರಿಸಿ" ಎಂದು ಹೇಳಿ ಡಿಪ್‌ಸ್ಟಿಕ್ ವಾಪಸ್ ಇಟ್ಟೆ.