ಆರು ಜನ ಹೆಲ್ಪರ್‌ಗಳು, ಒಂದು ನೋಟ್‌ಬುಕ್: ನನ್ನ ಅನುಭವ

‘ನೋಟ್‌ಬುಕ್ ಬರೆದು ಯಾರಾದರೂ ಕೇಸ್ ಗೆದ್ದಿದ್ದಾರಾ ಅಕ್ಕ?’ ಒಂದೇ ಕೆಲಸಕ್ಕೆ ಹೆಂಗಸರಿಗೂ ಗಂಡಸರಷ್ಟೇ ಸಂಬಳ ಕೊಡಿಸೋ ಕೇಸಿನ ಮಾತಿದು. ನಮ್ಮ ಕಾರ್ಮಿಕ ಸಂಘದಲ್ಲೇ ಈ ಮಾತು ಎಷ್ಟು ಸಲ ಕೇಳಿದೆನೋ. ಹಾಗೆ ಕೇಳಿದವರೇ ಈಗ ಫೋನ್ ಮಾಡಿ ಆ ನೋಟ್‌ಬುಕ್ಕಿನ ನಮೂನೆ ಕೊಡಿ ಅಂತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಲೇಬರ್ ಆಫೀಸಿಗೆ ಅರ್ಜಿ ಹಾಕೋದು, ಹಿಯರಿಂಗ್‌ಗೆ ಅಲೆಯೋದು ನಿಮಗೆಲ್ಲ ಗೊತ್ತಿರೋದೇ. ಅದನ್ನು ಬಿಟ್ಟುಬಿಡ್ತೀನಿ.

ಪೀಣ್ಯದಲ್ಲಿ ಗಾಡಿ ಬಿಡಿಭಾಗ ಮಾಡುವ ಒಂದು ಯೂನಿಟ್. ಡ್ರಿಲ್ಲಿಂಗ್, ಬರ್ (ಕೊರೆದ ಅಂಚಿನಲ್ಲಿ ಉಳಿಯೋ ಚೂಪು) ತೆಗೆಯೋದು, ಗೇಜ್ ಹಾಕಿ ಅಳತೆ ಚೆಕ್ ಮಾಡೋದು. ಒಂದೇ ಸಾಲಿನಲ್ಲಿ ನಾಲ್ಕು ಗಂಡಸರು, ಆರು ಹೆಂಗಸರು. ಪೇ ಸ್ಲಿಪ್‌ನಲ್ಲಿ ಗಂಡಸರು ‘ಆಪರೇಟರ್’, ಹೆಂಗಸರು ‘ಹೆಲ್ಪರ್’. ತಿಂಗಳಿಗೆ ಸುಮಾರು 2,200 ರೂಪಾಯಿ ವ್ಯತ್ಯಾಸ. ಆರು ಜನರಲ್ಲಿ ಒಬ್ಬಾಕೆ ಹನ್ನೊಂದು ವರ್ಷದಿಂದ ಹೆಲ್ಪರ್. ಹೊಸದಾಗಿ ಬಂದ ಹುಡುಗರಿಗೆ ಡ್ರಿಲ್ ಹಿಡಿಯೋದು ಕಲಿಸಿದ್ದು ಅವರೇ!

ಇದಕ್ಕೂ ಮೊದಲು ನಾನು ಇಂಥ ಎರಡು ಕೇಸ್ ಸೋತಿದ್ದೆ. ಮೊದಲನೆಯದರಲ್ಲಿ ಅರ್ಜಿ ತುಂಬ ‘ತಾರತಮ್ಯ, ಅನ್ಯಾಯ’ ಅಂತಲೇ ಬರೆಸಿದ್ದೆವು. ಯಾವ ಗಂಡಸಿನ ಕೆಲಸದ ಜೊತೆ ಹೋಲಿಸುತ್ತಿದ್ದೀರಿ ಅಂತ ಕೇಳಿದಾಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ವಕೀಲರಿಗೆ 18 ಸಾವಿರ ಹೋಯಿತು, ಎರಡು ವರ್ಷವೂ ಹೋಯಿತು. ಎರಡನೆಯ ಸಲ ಹೆಂಗಸರ ಹೇಳಿಕೆಗಳನ್ನೇ ನಂಬಿಕೊಂಡೆ. ಮ್ಯಾನೇಜ್‌ಮೆಂಟ್ ಶಿಫ್ಟ್ ಬದಲಾಯಿಸಿತು, ಮೂರು ಜನ ಹಿಂದೆ ಸರಿದರು, ಒಬ್ಬಾಕೆ ಕೆಲಸವನ್ನೇ ಕಳೆದುಕೊಂಡಳು. ಅವಳಿಗೆ ಬೇರೆ ಕೆಲಸ ಸಿಗೋವರೆಗೂ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಹಳೆಯ ತೀರ್ಪುಗಳನ್ನು ಕೂತು ಓದಿದೆ. ಕೈ ಹಿಡಿದದ್ದು 1987ರ ಆಡ್ರಿ ಡಿಕೋಸ್ಟಾ ಕೇಸ್. ಆ ಕಂಪನಿಯಲ್ಲಿ ಮಹಿಳಾ ಸ್ಟೆನೋಗ್ರಾಫರ್‌ಗಳಿಗೆ ಗಂಡಸರಿಗಿಂತ ಕಡಿಮೆ ಸಂಬಳ. ‘ಇವರು ದೊಡ್ಡ ಅಧಿಕಾರಿಗಳ ಸ್ಟೆನೋಗಳು, ವರ್ಗವೇ ಬೇರೆ’ ಅಂತ ಕಂಪನಿ ವಾದ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕೆಲಸವನ್ನು ಒಟ್ಟಾರೆ ನೋಡಬೇಕು, ಸಣ್ಣಪುಟ್ಟ ವ್ಯತ್ಯಾಸ ಲೆಕ್ಕಕ್ಕಿಲ್ಲ ಅಂದಿತು. ನಮ್ಮ ಹಣಕಾಸು ಸರಿಯಿಲ್ಲ ಅನ್ನೋ ನೆಪಕ್ಕೂ ಬೆಲೆ ಕೊಡಲಿಲ್ಲ. ಹಾಗಾದರೆ ನಾವು ತೋರಿಸಬೇಕಾದ್ದು ಕೆಲಸವನ್ನು ತಾನೇ? ಕಷ್ಟ ಹೇಳಿಕೊಂಡು ಕೂರೋದರಿಂದ ಏನೂ ಆಗಲ್ಲ.

ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆವು. ಗಂಟೆ, ಜಾಬ್ ಕಾರ್ಡ್ (ಆ ಕೆಲಸಕ್ಕೆ ಕಂಪನಿ ಕೊಡೋ ಚೀಟಿ) ನಂಬರ್, ಮಾಡಿದ ಕೆಲಸ, ಮಾಡಿದವರು ಯಾರು. ನಾಲ್ಕೇ ಕಾಲಂ. ಫೋನ್ ಗೇಟಿನಲ್ಲೇ ಇಡಬೇಕಾದ್ದರಿಂದ ಫೋಟೋ ತೆಗೆಯೋ ಹಾಗಿರಲಿಲ್ಲ. ಟೀ ಬಿಡುವಿನಲ್ಲಿ ಚೀಟಿ ಮೇಲೆ ಗುರುತು ಹಾಕಿಕೊಂಡು, ಸಂಜೆ ಬಸ್ ಸ್ಟಾಪಿನಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಮೊದಲ ಹದಿನೈದು ದಿನ ದಂಡ ಆಯಿತು. ಹೆಂಗಸರು ತಮ್ಮ ಕೆಲಸ ಮಾತ್ರ ಬರೆದಿದ್ದರು! ಪಕ್ಕದ ಗಂಡಸು ಅದೇ ಹೊತ್ತಿನಲ್ಲಿ ಏನು ಮಾಡಿದ ಅನ್ನೋದು ಇಲ್ಲದೆ ಹೋಲಿಕೆ ಎಲ್ಲಿಂದ ಬರಬೇಕು? ಮತ್ತೆ ಶುರುವಿಂದ ಬರೆಸಿದೆ. ಒಟ್ಟು ನಲವತ್ತು ದಿನದ ಲೆಕ್ಕ.

ಹಿಯರಿಂಗ್ ಶುರುವಾದಾಗ ಕಂಪನಿ ಕಡೆಯಿಂದ ನಾವು ಅಂದುಕೊಂಡ ವಾದವೇ ಬಂತು: ‘ಗಂಡಸರು ಭಾರ ಎತ್ತುತ್ತಾರೆ.’ ನೋಟ್‌ಬುಕ್ ತೆಗೆದೆವು. ನಲವತ್ತು ದಿನದಲ್ಲಿ ಕೈಯಲ್ಲಿ ಬಿನ್ (ಬಿಡಿಭಾಗ ತುಂಬೋ ಡಬ್ಬ) ಎತ್ತಿದ್ದು ಹನ್ನೊಂದೋ ಹನ್ನೆರಡೋ ಸಲ. ಅದರಲ್ಲೂ ಏಳು ಸಲ ಹೆಂಗಸರು ಕೈ ಕೊಟ್ಟಿದ್ದರು. ಉಳಿದ ದಿನ ಎಲ್ಲ ಟ್ರಾಲಿಯೇ. ಅಲ್ಲಿಗೆ ಆ ವಾದ ಮುಗಿಯಿತು. ಆಗಿನ ಕಾಯ್ದೆ ಪ್ರಕಾರ ಇಡಬೇಕಾಗಿದ್ದ ಫಾರಂ ‘ಡಿ’ ರಿಜಿಸ್ಟರ್ (ಗಂಡಸರು, ಹೆಂಗಸರ ಕೆಲಸ ಮತ್ತು ಸಂಬಳ ಬರೆದಿಡೋ ಪುಸ್ತಕ) ತರಿಸಿ ಅಂತಲೂ ಕೇಳಿದ್ದೆವು. ಅದು ಬಂದಿದ್ದು ಮೂರನೇ ಹಿಯರಿಂಗ್‌ಗೆ. ಅದೂ ಒಂದೇ ಪೆನ್ನಿನಲ್ಲಿ ಒಂದೇ ಸಲ ಕೂತು ಬರೆದ ಹಾಗಿತ್ತು.

ಜಾಬ್ ಕಾರ್ಡಿನ ನಂಬರಿಗೆ ತಾಳೆ ಹಾಕೋಕೆ ಇನ್ನೊಂದು ದಾಖಲೆ ಬಳಸಿದೆವು. ಅದು ಯಾವುದು ಅಂತ ಇಲ್ಲಿ ಬರೆಯಲ್ಲ. ಈಗ ಇನ್ನೆರಡು ಕಡೆ ಅದರ ಮೇಲೇ ಕೆಲಸ ನಡೀತಿದೆ. ಎದುರಿಗೆ ಬಂದು ಕೇಳಿದರೆ ಹೇಳ್ತೀನಿ.

ನಿಜವಾದ ಕಷ್ಟ ಗಂಡಸರದ್ದಾಗಿತ್ತು. ‘ಅಕ್ಕ, ಸಮ ಮಾಡ್ತೀವಿ ಅಂತ ನಮ್ಮ ಸಂಬಳ ಇಳಿಸಿಬಿಟ್ಟರೆ?’ ಅಂತ ಹೆದರಿದ್ದರು. ನ್ಯಾಯವಾದ ಭಯ ಅದು. 1976ರ ಸಮಾನ ವೇತನ ಕಾಯ್ದೆಯ ನಾಲ್ಕನೇ ಸೆಕ್ಷನ್ ತೆಗೆದು ಓದಿಸಿದೆ. ಸಮ ಮಾಡೋ ನೆಪದಲ್ಲಿ ಯಾರ ಸಂಬಳವನ್ನೂ ಇಳಿಸೋ ಹಾಗಿಲ್ಲ ಅಂತ ಅದರಲ್ಲೇ ಇತ್ತು. ಆಮೇಲೆ ಇಬ್ಬರು ಹುಡುಗರು ಸಾಕ್ಷಿಗೆ ಬಂದರು. ಅವರಿಲ್ಲದೆ ಈ ಕೇಸ್ ಇಲ್ಲ.

ಈ ನಡುವೆ ಅದೇ ನೋಟ್‌ಬುಕ್ಕನ್ನು ಬೇರೆ ಕಡೆಗೂ ಪ್ರಯತ್ನಿಸಿದೆ. ಐವತ್ತು ದಾಟಿದವರನ್ನು ಸುಮ್ನೆ ತೆಗೆದುಹಾಕಿದ ಒಂದು ಕಡೆ ಏನೂ ಆಗಲಿಲ್ಲ. ವಯಸ್ಸಿನ ತಾರತಮ್ಯಕ್ಕೆ ಅಂತಲೇ ಖಾಸಗಿ ಕಂಪನಿಗಳ ಮೇಲೆ ಕಾಯ್ದೆ ಇಲ್ಲ. ಜಾತಿ ಹೆಸರೆತ್ತಿ ಅವಮಾನ ಮಾಡಿದ ಇನ್ನೊಂದು ಕೇಸಿಗೂ ಇದು ಹೊಂದಲ್ಲ. ಅದು 1989ರ ದೌರ್ಜನ್ಯ ತಡೆ ಕಾಯ್ದೆ, ನೇರ ಪೊಲೀಸ್ ಠಾಣೆ. ಆದರೆ ಪೋಲಿಯೋ ಆದ ಒಬ್ಬ ಪ್ಯಾಕಿಂಗ್ ಕೆಲಸಗಾರನಿಗೆ ಬೇರೆ ದಾರಿ ಸಿಕ್ಕಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸಂಸ್ಥೆಗಳು ಸಮಾನ ಅವಕಾಶ ನೀತಿ ಬರೆದಿಡಬೇಕು. ಅದರ ಪ್ರತಿ ಕೊಡಿ ಅಂತ ಒಂದು ಪತ್ರ ಬರೆಸಿದೆ, ಅಷ್ಟೇ. ಅವರ ಹತ್ತಿರ ಅಂಥದ್ದು ಇರಲೇ ಇಲ್ಲ. ತಿಂಗಳೊಳಗೆ ಅವನ ಕೆಲಸದ ಜಾಗ ಮೆಟ್ಟಿಲು ಹತ್ತಬೇಕಾದ ಮಹಡಿಯಿಂದ ಕೆಳಗೆ ಬಂತು. ಖರ್ಚು ರಿಜಿಸ್ಟರ್ಡ್ ಪೋಸ್ಟಿನದ್ದು ಮಾತ್ರ.

ಇನ್ನು ದುಡ್ಡಿನ ಲೆಕ್ಕ. ಜೆರಾಕ್ಸ್, ಬಸ್ಸು ಸೇರಿ ಮೂರು ಸಾವಿರ ಇರಬಹುದು. ಒಂಬತ್ತು ಹಿಯರಿಂಗ್‌ಗೆ ಇಬ್ಬಿಬ್ಬರು ರಜೆ ಹಾಕಿದ್ದಕ್ಕೆ ಸುಮಾರು ಎಂಟು ಸಾವಿರ ಸಂಬಳ ಹೋಯಿತು. ಅದನ್ನು ಆರು ಜನವೂ ಹಂಚಿಕೊಂಡರು. ವಕೀಲರನ್ನು ಹಿಡಿಯಲೇ ಇಲ್ಲ, ವಾದ ಪೂರ್ತಿ ನಾನೇ ಮಾಡಿದೆ. ಆ ವಿಷಯದಲ್ಲಿ ನನಗೆ ಹೆಮ್ಮೆ ಇದೆ. ನಾವು ಕೇಳಿದ್ದು ಮೂರು ವರ್ಷದ ಬಾಕಿ, ರಾಜಿಯಲ್ಲಿ ಒಪ್ಪಿದ್ದು ಇಪ್ಪತ್ತು ತಿಂಗಳದ್ದು. ಒಟ್ಟು 2.6 ಲಕ್ಷದ ಹತ್ತಿರ, ತಲಾ 43 ಸಾವಿರ ಚಿಲ್ಲರೆ. ಪೂರ್ತಿ ಮೂರು ವರ್ಷಕ್ಕೆ ಹಠ ಹಿಡಿಯಬೇಕಿತ್ತು ಅಂತ ಕೆಲವರು ಬೈದರು. ಆರರಲ್ಲಿ ಇಬ್ಬರ ಮನೆಯಲ್ಲಿ ಮಕ್ಕಳ ಕಾಲೇಜು ಫೀಸ್ ಕಟ್ಟೋ ತಿಂಗಳು ಅದು. ಕಾಯಿರಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

2025ರ ನವೆಂಬರ್‌ನಿಂದ 1976ರ ಹಳೆಯ ಕಾಯ್ದೆಯ ಜಾಗಕ್ಕೆ ವೇತನ ಸಂಹಿತೆ ಬಂದಿದೆ. ಗಾಬರಿ ಬೇಡ. ‘ಒಂದೇ ಅಥವಾ ಒಂದೇ ಬಗೆಯ ಕೆಲಸ’ ಅನ್ನೋ ಮಾತು ಅದರಲ್ಲೂ ಇದೆ, ಯಾರ ಸಂಬಳವನ್ನೂ ಇಳಿಸಬಾರದು ಅನ್ನೋದೂ ಇದೆ. ಕ್ಲೇಮ್ ಹಾಕೋಕೆ ಮೂರು ವರ್ಷ ಅವಕಾಶ. ನೋಟ್‌ಬುಕ್ಕಿನ ನಾಲ್ಕು ಕಾಲಂ ಬದಲಾಯಿಸಬೇಕಾಗಿಲ್ಲ.

ಬಾಕಿ ಮೂರು ಕಂತಿನಲ್ಲಿ ಬಂತು, ಕೊನೆಯದು ಯುಗಾದಿಗೆ ನಾಲ್ಕು ದಿನ ಮೊದಲು. ಮುಂದಿನ ತಿಂಗಳ ಪೇ ಸ್ಲಿಪ್ಪನ್ನು ಆ ಹನ್ನೊಂದು ವರ್ಷದ ಹೆಲ್ಪರ್ ನನ್ನ ಮನೆಗೇ ತಂದರು. ‘ಆಪರೇಟರ್’ ಅಂತ ಅಚ್ಚಾಗಿದ್ದ ಕಡೆ ಬೆರಳಿಟ್ಟು, ‘ಓದಿ ಅಕ್ಕ, ಜೋರಾಗಿ ಓದಿ’ ಅಂದರು.