ಎಫ್5 ಒತ್ತೋದು ಸುಲಭ, ಯಾವ ವಿಂಡೋಗೆ ಅನ್ನೋದೇ ಕಷ್ಟ

ನನ್ನ ಕೆಲಸದಲ್ಲಿ ಒಂದು ಪುಟ ಬೆಳಿಗ್ಗೆಯಿಂದ ಸಂಜೆವರೆಗೂ ತೆರೆದೇ ಇರಬೇಕು. ಬಾಕಿ ಇರುವ ದೂರುಗಳ ಪಟ್ಟಿ ಅದು. ಹೊಸ ದೂರು ಬಂದರೆ ಬೇಗ ಕೈಗೆತ್ತಿಕೊಳ್ಳಬೇಕು, ಆದರೆ ಆ ಪುಟ ತಾನಾಗಿ ಬದಲಾಗುವುದಿಲ್ಲ. ರಿಫ್ರೆಶ್ ಮಾಡಿದರೆ, ಅಂದರೆ ಎಫ್5 ಕೀ ಒತ್ತಿ ಪುಟವನ್ನು ಮತ್ತೆ ತರಿಸಿದರೆ ಮಾತ್ರ ಹೊಸ ಸಾಲು ಕಾಣುತ್ತದೆ. ಬೇರೆ ಏನೋ ಬರೆಯುತ್ತಾ ಕುಳಿತರೆ ಇದು ಮರೆತೇ ಹೋಗುತ್ತಿತ್ತು.

ರಿಫ್ರೆಶ್ ಮಾಡುವ ಎಕ್ಸ್‌ಟೆನ್ಶನ್‌ಗಳು ಬೇಕಾದಷ್ಟಿವೆ. ನಾನು ನೋಡಿದ್ದು ಎಲ್ಲಾ ವೆಬ್‌ಸೈಟ್‌ಗಳ ಮಾಹಿತಿಯನ್ನು ಓದುವ, ಬದಲಿಸುವ ಅನುಮತಿ ಕೇಳಿತು. ಒಂದು ಕೀ ಒತ್ತುವ ಕೆಲಸಕ್ಕೆ ಇಷ್ಟು ಕೊಡೋದು ಜಾಸ್ತಿ ಆಯಿತು, ಅಲ್ವಾ? ಹಾಗಾಗಿ ಆ ಕೀ ತಾನಾಗಿ ಒತ್ತುವ ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ನಾನೇ ಬರೆದೆ.

ಮೊದಲು ಬರೆದದ್ದು ವಿಂಡೋಸ್‌ನ ವಿಬಿಸ್ಕ್ರಿಪ್ಟ್‌ನಲ್ಲಿ. ಹತ್ತು ಸಾಲೂ ಇರಲಿಲ್ಲ. ಆ್ಯಪ್‌ಆಕ್ಟಿವೇಟ್ ಅನ್ನುವ ಆಜ್ಞೆಗೆ ಪುಟದ ಹೆಸರು ಕೊಟ್ಟರೆ ಆ ವಿಂಡೋ ಮುಂದಕ್ಕೆ ಬರುತ್ತದೆ. ಸೆಂಡ್‌ಕೀಸ್ ಅಲ್ಲಿಗೆ ಎಫ್5 ಕಳಿಸುತ್ತದೆ. ಆಮೇಲೆ ಸ್ಕ್ರಿಪ್ಟ್ ಐದು ನಿಮಿಷ ಮಲಗುತ್ತದೆ, ಮತ್ತೆ ಅದೇ. ಅರ್ಧ ದಿನ ಚೆನ್ನಾಗಿಯೇ ನಡೆಯಿತು.

ಮಧ್ಯಾಹ್ನ ನೋಟ್‌ಪ್ಯಾಡ್‌ನಲ್ಲಿ ಟಿಪ್ಪಣಿ ಬರೆಯುತ್ತಿದ್ದೆ. ಓದಿ ನೋಡಿದರೆ ಒಂದು ವಾಕ್ಯದ ನಡುವೆ ಗಂಟೆ, ತಾರೀಕು ಬಿದ್ದಿದೆ. ಕೆಳಗೆ ಮತ್ತೊಂದು. ಎರಡರ ನಡುವೆ ಸರಿಯಾಗಿ ಐದು ನಿಮಿಷದ ಅಂತರ. ನೋಟ್‌ಪ್ಯಾಡ್‌ನಲ್ಲಿ ಎಫ್5 ಅಂದರೆ ಗಂಟೆ ಮತ್ತು ತಾರೀಕು ಸೇರಿಸು ಅಂತ ಅರ್ಥ. ಬ್ರೌಸರ್‌ಗೆ ಹೋಗಬೇಕಿದ್ದ ಕೀ ನನ್ನ ಟಿಪ್ಪಣಿಗೆ ಬಂದು ಬೀಳುತ್ತಿತ್ತು.

ಕಾರಣ ಹುಡುಕಲು ಒಂದು ಗಂಟೆ ಹಿಡಿಯಿತು. ಆ್ಯಪ್‌ಆಕ್ಟಿವೇಟ್ ಮೊದಲು ಪೂರ್ತಿ ಅದೇ ಹೆಸರಿನ ವಿಂಡೋ ಹುಡುಕುತ್ತದೆ. ಸಿಗದಿದ್ದರೆ ಆ ಪದಗಳಿಂದ ಶುರುವಾಗುವುದನ್ನು, ಅದೂ ಇಲ್ಲದಿದ್ದರೆ ಆ ಪದಗಳಲ್ಲಿ ಮುಗಿಯುವುದನ್ನು. ನಮ್ಮ ಪುಟವೋ, ರಿಫ್ರೆಶ್ ಆದಾಗ ಹೊಸ ದೂರು ಇದ್ದರೆ ಹೆಸರಿನ ಮುಂದೆ ಕಂಸದಲ್ಲಿ ಒಂದು ಸಂಖ್ಯೆ ಸೇರಿಸುತ್ತದೆ. ಕೊನೆಯಲ್ಲಿ ಬ್ರೌಸರ್ ತನ್ನ ಹೆಸರು ಅಂಟಿಸುತ್ತದೆ. ಅಂದರೆ ನಾನು ಕೊಟ್ಟ ಪದಗಳು ಶುರುವಿನಲ್ಲೂ ಇಲ್ಲ, ಕೊನೆಯಲ್ಲೂ ಇಲ್ಲ. ದೂರು ಬಂದ ಮೇಲೆಯೇ ಸ್ಕ್ರಿಪ್ಟ್ ದಾರಿ ತಪ್ಪುತ್ತಿತ್ತು! ವಿಂಡೋ ಸಿಗಲಿಲ್ಲ ಅಂತ ಆ್ಯಪ್‌ಆಕ್ಟಿವೇಟ್ ಹೇಳುತ್ತದೆ, 'ಫಾಲ್ಸ್' (ಸುಳ್ಳು) ಅನ್ನುವ ಬೆಲೆಯನ್ನು ಹಿಂತಿರುಗಿಸುತ್ತದೆ. ನಾನು ಅದನ್ನು ನೋಡದೆ ಕೀ ಕಳಿಸುತ್ತಿದ್ದೆ, ಅದು ಆಗ ಎದುರಿಗಿದ್ದ ವಿಂಡೋಗೆ ಹೋಗುತ್ತಿತ್ತು. ಆ ಒಂದು ಪರೀಕ್ಷೆ ಇಲ್ಲದ ಸ್ಕ್ರಿಪ್ಟನ್ನು ಯಾರೂ ಓಡಿಸಬಾರದು. ಪವರ್‌ಪಾಯಿಂಟ್ ಎದುರಿಗಿದ್ದರೆ ಇದೇ ಕೀ ಸ್ಲೈಡ್ ಶೋ ಶುರು ಮಾಡುತ್ತದೆ.

ಆಮೇಲೆ ಕೀ ಒತ್ತುವಂಥ ಕೆಲಸಗಳಿಗೆಂದೇ ಇರುವ ವಿಂಡೋಸ್ ಸಾಧನ ಆಟೋಹಾಟ್‌ಕೀಗೆ ಬದಲಾಯಿಸಿದೆ. ವಿಬಿಸ್ಕ್ರಿಪ್ಟನ್ನು ಮೈಕ್ರೋಸಾಫ್ಟ್ 2023ರಲ್ಲೇ ಕೈಬಿಡುವ ಪಟ್ಟಿಗೆ ಸೇರಿಸಿದ್ದರಿಂದ ಹೇಗಿದ್ದರೂ ಬಿಡಬೇಕಿತ್ತು. ಇಲ್ಲಿ ಪುಟದ ಹೆಸರು ವಿಂಡೋ ತಲೆಬರಹದಲ್ಲಿ ಎಲ್ಲಿದ್ದರೂ ಸಾಕು ಅಂತ ಹೇಳಬಹುದು. ಪಟ್ಟಿಯ ಪುಟವನ್ನು ಬೇರೆ ಟ್ಯಾಬ್‌ಗಳ ಜೊತೆ ಇಡದೆ ಪ್ರತ್ಯೇಕ ವಿಂಡೋದಲ್ಲಿ ತೆರೆದೆ. ಏಕೆಂದರೆ ವಿಂಡೋದ ತಲೆಬರಹದಲ್ಲಿ ಕಾಣುವುದು ಆಗ ತೆರೆದಿರುವ ಟ್ಯಾಬ್‌ನ ಹೆಸರು ಮಾತ್ರ.

ವಿಂಡೋವನ್ನು ಮುಂದಕ್ಕೆ ತರದೆ ಹಿಂದಿನಿಂದಲೇ ಕೀ ಕಳಿಸಲೂ ನೋಡಿದೆ. ಕಂಟ್ರೋಲ್‌ಸೆಂಡ್ ಇರುವುದೇ ಅದಕ್ಕೆ. ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. ಬಿಟ್ಟೆ. ಬದಲಿಗೆ ನಾನು ಟೈಪ್ ಮಾಡುತ್ತಿರುವಾಗ ಮುಟ್ಟಬೇಡ ಅಂತ ಸ್ಕ್ರಿಪ್ಟ್‌ಗೆ ಹೇಳಿದೆ. ಕೀಬೋರ್ಡ್, ಮೌಸ್ ಎಷ್ಟು ಹೊತ್ತಿನಿಂದ ಸುಮ್ಮನಿವೆ ಅನ್ನುವುದನ್ನು ಆಟೋಹಾಟ್‌ಕೀ ಮಿಲಿಸೆಕೆಂಡ್‌ಗಳಲ್ಲಿ ಲೆಕ್ಕ ಇಡುತ್ತದೆ. ಅದು 5000 ದಾಟಿದ್ದರೆ ಮಾತ್ರ ಈಗಿನ ವಿಂಡೋ ಯಾವುದು ಅಂತ ನೆನಪಿಟ್ಟುಕೊಂಡು, ಪುಟಕ್ಕೆ ಹೋಗಿ, ಎಫ್5 ಒತ್ತಿ, ಮರಳಿ ಬರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಈ ಲೆಕ್ಕದಲ್ಲಿ ಎರಡು ಬಗೆ ಇದೆ. ಮಾಮೂಲಿ ಲೆಕ್ಕ ಸ್ಕ್ರಿಪ್ಟ್ ಒತ್ತಿದ ಕೀಯನ್ನೂ ಮನುಷ್ಯರದೇ ಅಂದುಕೊಳ್ಳುತ್ತದೆ. 'ಫಿಸಿಕಲ್' ಅನ್ನುವ ಲೆಕ್ಕ ಬಳಸಿ, ಅದಕ್ಕೆ ಬೇಕಾದ ಕೀಬೋರ್ಡ್ ಮತ್ತು ಮೌಸ್ ಹುಕ್ (ಒತ್ತಿದ್ದನ್ನು ಗಮನಿಸುವ ವ್ಯವಸ್ಥೆ) ಎರಡನ್ನೂ ಮೊದಲೇ ಹಾಕಿಕೊಳ್ಳಿ.

ಇನ್ನೊಂದು ತೊಡಕು ಫಾರ್ಮ್‌ನದು. ಹುಡುಕು ಬಟನ್ ಒತ್ತಿ ಬಂದ ಫಲಿತಾಂಶವನ್ನು ರಿಫ್ರೆಶ್ ಮಾಡಿದರೆ, ಮಾಹಿತಿಯನ್ನು ಮತ್ತೆ ಕಳಿಸಲೇ ಅಂತ ಬ್ರೌಸರ್ ಕೇಳಿ ನಿಂತುಬಿಡುತ್ತಿತ್ತು. ಅದಕ್ಕೆ ಸುಮ್ನೆ ಎಂಟರ್ ಕಳಿಸಿಬಿಡುವ ಆಸೆ ಆಗುತ್ತದೆ. ಬೇಡ. ಅದೇ ಫಾರ್ಮ್ ಎರಡು ಸಲ ದಾಖಲಾಗಬಹುದು. ಹುಡುಕಾಟದ ಪದಗಳು ವಿಳಾಸದಲ್ಲೇ ಇರುವ ಲಿಂಕ್ ಸಿಕ್ಕಿತು, ಅದನ್ನು ತೆರೆದಿಟ್ಟೆ.

ಮ್ಯಾಕ್‌ನಲ್ಲಿ ಇಷ್ಟೊಂದು ಒದ್ದಾಟ ಇಲ್ಲ. ಆ್ಯಪಲ್‌ಸ್ಕ್ರಿಪ್ಟ್ ಕೀ ಒತ್ತುವುದೇ ಬೇಡ, ಈ ಟ್ಯಾಬ್ ರಿಲೋಡ್ ಮಾಡು ಅಂತ ಕ್ರೋಮ್‌ಗೇ ನೇರವಾಗಿ ಹೇಳುತ್ತದೆ. ಲಿನಕ್ಸ್‌ನಲ್ಲಿ ಎಕ್ಸ್‌ಡುಟೂಲ್ ಅನ್ನುವ ಕೀ ಒತ್ತುವ ಸಾಧನ ಇದೆ, ಅದು ಎಕ್ಸ್11 ಅನ್ನುವ ಹಳೆಯ ಪರದೆ ವ್ಯವಸ್ಥೆಗಾಗಿ ಮಾಡಿದ್ದು. ಹೊಸದಾದ ವೇಲ್ಯಾಂಡ್‌ನಲ್ಲಿ ಅದನ್ನು ನಂಬಿ ಕೂರಬೇಡಿ. ಪುಟ ನಿಮ್ಮದೇ ಆಗಿದ್ದರೆ ಸ್ಕ್ರಿಪ್ಟೇ ಬೇಡ, ಎಚ್‌ಟಿಎಂಎಲ್‌ನಲ್ಲಿ ಮೆಟಾ ರಿಫ್ರೆಶ್ ಅಂತ ಒಂದು ಸಾಲು ಸಾಕು.

ಎಷ್ಟು ಹೊತ್ತಿಗೊಮ್ಮೆ? ಆಸೆಗೆ ಬಿದ್ದು ಒಮ್ಮೆ ಹತ್ತು ಸೆಕೆಂಡ್ ಇಟ್ಟೆ. ಪಟ್ಟಿಯ ಬದಲು 429 ಅನ್ನುವ ಸಂದೇಶ ಬಂತು. ನಿಮ್ಮ ಕೋರಿಕೆಗಳು ಜಾಸ್ತಿ ಆದವು ಅಂತ ಸರ್ವರ್ ಹೇಳುವ ರೀತಿ ಅದು. ಅದೇ ಸರ್ವರ್ ಮೇಲೆ ಬೇರೆಯವರೂ ಕೆಲಸ ಮಾಡುತ್ತಿರುತ್ತಾರೆ. ಈಗ ಮತ್ತೆ ಐದು ನಿಮಿಷ, ಜೊತೆಗೆ ಅರ್ಧ ನಿಮಿಷದವರೆಗೆ ಹೆಚ್ಚುಕಡಿಮೆ, ಎಲ್ಲರ ಕೋರಿಕೆ ಒಂದೇ ಗಳಿಗೆಗೆ ಬೀಳದಿರಲಿ ಅಂತ. ಕಂಟ್ರೋಲ್ ಜೊತೆ ಎಫ್5 ಬಳಸುವುದಿಲ್ಲ. ಅದು ಕ್ಯಾಶ್ (ಬ್ರೌಸರ್ ಉಳಿಸಿಟ್ಟುಕೊಂಡ ಪ್ರತಿ) ಬಿಟ್ಟು ಚಿತ್ರಗಳನ್ನೂ ಪ್ರತಿ ಸಲ ಹೊಸದಾಗಿ ಎಳೆಯುತ್ತದೆ.

ಕೊನೆಗೆ ಗಮನಕ್ಕೆ ಬಂದದ್ದು ಲಾಗಿನ್. ಪುಟ ರಿಫ್ರೆಶ್ ಆಗುತ್ತಲೇ ಇದ್ದರೆ, ಯಾರೋ ಬಳಸುತ್ತಿದ್ದಾರೆ ಅಂತ ಸರ್ವರ್ ತಿಳಿಯುತ್ತದೆ. ನಾನು ಸೀಟಿನಲ್ಲಿ ಇಲ್ಲದಿದ್ದರೂ ಲಾಗಿನ್ ಮುಗಿಯುವುದಿಲ್ಲ, ದೂರು ಕೊಟ್ಟವರ ವಿವರ ಹೋಗಿಬರುವವರಿಗೆಲ್ಲ ಕಾಣುತ್ತದೆ. ಅದಕ್ಕೆ ಒಂದು ಷರತ್ತು ಸೇರಿಸಿದೆ. ಹದಿನೈದು ನಿಮಿಷ ಯಾರೂ ಮೌಸ್ ಮುಟ್ಟದಿದ್ದರೆ, ಕೀಬೋರ್ಡ್ ಒತ್ತದಿದ್ದರೆ ಸ್ಕ್ರಿಪ್ಟ್ ನಿಲ್ಲುತ್ತದೆ. ನಾನು ವಾಪಸ್ ಬಂದಾಗ ಪಾಸ್‌ವರ್ಡ್ ಮತ್ತೆ ಹಾಕಿ, ಅದನ್ನು ಕೈಯಾರೆ ಶುರು ಮಾಡುತ್ತೇನೆ.